ಅವ್ವ ಮಾತಾಡಿಸಿದ ಬಾಣ

ದಾಂಡೇಲಿಯ ಸೈಬರ್ ಕೆಫೆಯಲ್ಲಿ ಕುಳಿತು, ಹಳಿಯಾಳದ ನಮ್ಮ ಮನೆಯ ಕಂಪ್ಯೂಟರನ್ನು ಇಂಟರ್‌ನೆಟ್‌ ಮೂಲಕ ಎಬ್ಬಿಸಲು ಒದ್ದಾಡುತ್ತಿದ್ದೆ. ತಂಗಿಯ ಲಗ್ನಪತ್ರಿಕೆಯ ಒಕ್ಕಣೆ ಅದರಲ್ಲೇ ಇತ್ತು; ಅಚ್ಚಿನವರು ಸಂಜೆಯೊಳಗೆ ಬೇಕೆಂದಿದ್ದರು. ಏನು ಮಾಡಿದರೂ ಅದು ಏಳಲಿಲ್ಲ. ಮನೆಗೆ ಫೋನ್ ಮಾಡಿದೆ.

“ನೀನ ಮನ್ಯಾಗಿಲ್ಲ, ಅದ್ಯಾಕ ಎಚ್ಚರ ಇರಬೇಕಂತ ಗ್ವಾಡಿ ಸ್ವಿಚ್ ಬಂದ್ ಮಾಡೇನಿ,” ಎಂದಳು ಅವ್ವ.

ಸ್ವಿಚ್ ಹಾಕಿಸಿ ಮತ್ತೆ ಎಬ್ಬಿಸಿದೆ. ಅಲ್ಲಿ ಪರದೆ ಬೆಳಗಿ, ನನ್ನ ಕೈಯಾಡಿದಂತೆ ಮೌಸಿನ ಬಾಣ ಓಡಾಡಿತು. ಫೋನಿನಲ್ಲೇ ಇದ್ದ ಅವ್ವ ಕೂಗಿದಳು:

“ಅಯ್ಯ ಶಿವನ! ಒಳಗ ನೀನ ಅದೀಯೇನೋ? ಉಂಡಿದ್ರ ಬಾಣ ಅಲ್ಲಾಡಸು, ನೋಡೂಣು!”

ಉಂಡಿರಲಿಲ್ಲ. ಆದರೂ ಅಲ್ಲಾಡಿಸಿದೆ. ಪತ್ರಿಕೆ ಅಂದೇ ಅಚ್ಚಿಗೆ ಹೋಯಿತು.

ಅವ್ವ ಈಗಿಲ್ಲ. ದೂರದಿಂದ ಯಾವ ಕಂಪ್ಯೂಟರ್ ತೆರೆದರೂ ಮೊದಲು ಬಾಣವನ್ನೊಮ್ಮೆ ಅಲ್ಲಾಡಿಸುತ್ತೇನೆ. ಈಗ ಉಂಡೇ ಕೂರುತ್ತೇನೆ.