ಕೆಲಸ ಹೇಳುವವರಿಗೆ ಕೆಲಸ

ಬಳ್ಳಾರಿಯ ಒಂದು ಜೀನ್ಸ್ ಯೂನಿಟ್ಟಿನಲ್ಲಿ ನಾನು ಮೇಸ್ತ್ರಿ. ಯಾರಿಗೆ ಯಾವ ಕೆಲಸ ಎಂದು ಹೇಳುವುದೇ ನನ್ನ ಕೆಲಸ. ಕತ್ತರಿಸಿದ ಬಟ್ಟೆಯ ಕಟ್ಟುಗಳನ್ನು ಸಿರುಗುಪ್ಪ, ಕುರುಗೋಡುಗಳ ಮನೆಗಳಿಗೆ ಹೊಲಿಯಲು ಕಳಿಸಬೇಕು, ಹೊಲಿದು ಬಂದದ್ದನ್ನು ನೋಡಿ ತೆಗೆದುಕೊಳ್ಳಬೇಕು, ಬಂದ ದಿನವನ್ನು ರಿಜಿಸ್ಟರಿನಲ್ಲಿ ಬರೆಯಬೇಕು. ಇದಕ್ಕೆ ಬುದ್ಧಿ ಬೇಕೆಂದು ನಾನು ಇಪ್ಪತ್ತು ವರ್ಷ ತಿಳಿದುಕೊಂಡಿದ್ದೆ. ಮಾಲೀಕರು ಹಾಗೆ ತಿಳಿದಿರಲಿಲ್ಲ.

ಹೋದ ವರ್ಷ ಒಂದು ಸೋಮವಾರ ಅವರು ನನ್ನ ಮೇಜಿನ ಮೇಲೆ ಹೊಸ ಲ್ಯಾಪ್‌ಟಾಪ್ ಇಟ್ಟು, ಅದಕ್ಕೆ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿದರು. ತೆರೆಯ ಮೇಲೆ ಒಂದು ಹಲಗೆ, ಹಲಗೆಯ ತುಂಬ ಚೀಟಿಗಳು. ಚೀಟಿಯಲ್ಲಿ ಕೆಲಸ ಬರೆದರೆ ಸಾಕು, ಒಳಗಿರುವ ಎಐ ಏಜೆಂಟರು ಎತ್ತಿಕೊಂಡು ಮಾಡುತ್ತಾರಂತೆ. ಒಬ್ಬ ಹಂಚುವವನು, ಇನ್ನೊಬ್ಬ ಫೋನ್ ಮಾಡಿ ತಿಳಿಸುವವನು, ಮೂರನೆಯವನು ಇವರಿಬ್ಬರು ಮಾಡಿದ್ದು ಸರಿಯೇ ಎಂದು ನೋಡುವವನು.

"ಇನ್ನ ಮ್ಯಾಲೆ ನೀವು ಯಾರಿಗೂ ಕೆಲಸ ಹೇಳಬ್ಯಾಡ್ರಿ," ಎಂದರು ಮಾಲೀಕರು. "ಕೆಲಸ ಹೇಳೋರಿಗೆ ಕೆಲಸ ಹೇಳ್ರಿ."

"ಆಮ್ಯಾಲೆ ನಾ ಏನ್ ಮಾಡ್ಲಿ?"

"ನೋಡ್ಕೊಂತ ಕುಂದರ್ರಿ."

ಇದಕ್ಕೆ ಬಡ್ತಿ ಎನ್ನುತ್ತಾರೆಂದು ನನಗೆ ಆಮೇಲೆ ತಿಳಿಯಿತು.

ಏಜೆಂಟರ ಬಗ್ಗೆ ಸುಳ್ಳು ಹೇಳಬಾರದು, ಮಹಾ ಶ್ರಮಜೀವಿಗಳು. ಚಹಾಕ್ಕೆ ಏಳುವುದಿಲ್ಲ, ಗೋಡೆಗೆ ಉಗುಳುವುದಿಲ್ಲ, ಷಡ್ಡಕನ ಮಗಳ ಮದುವೆಗೆಂದು ರಜೆ ಕೇಳುವುದಿಲ್ಲ. ಒಬ್ಬ ಮಾಡಿದ್ದನ್ನು ಇನ್ನೊಬ್ಬ ಹೊಗಳುತ್ತಾನೆ, ಹೊಗಳಿದ್ದು ಸರಿಯಾಗಿದೆ ಎಂದು ಮತ್ತೊಬ್ಬ ಒಪ್ಪಿಗೆ ಕೊಡುತ್ತಾನೆ. ನಮ್ಮ ಕಡೆ ಈ ಕೆಲಸವನ್ನು ಹೊಸ ಬೀಗರು ಮಾಡುತ್ತಾರೆ.

ಮೊದಲ ವಾರ ಅವರು ನನ್ನ ಹಳೆಯ ರಿಜಿಸ್ಟರುಗಳನ್ನೆಲ್ಲ ಓದಿದರು. ಪುಟಪುಟವನ್ನೂ ಫೋಟೊ ತೆಗೆದು ಹಾಕಿದವನು ನಾನೇ. ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕಿಕೊಂಡೆ. ಎರಡನೆಯ ವಾರ ತೀರ್ಪು ಬಂತು. ಎಲ್ಲರಿಗಿಂತ ಮೇಲೆ ಮನೆಯಲ್ಲೇ ಹೊಲಿಯುವ ಕುರುಗೋಡಿನ ಅಕ್ಕ: ಒಂದು ದಿನವೂ ತಡವಿಲ್ಲ, ಒಂದು ಪ್ಯಾಂಟೂ ವಾಪಸಿಲ್ಲ. ಎಲ್ಲರಿಗಿಂತ ಕೆಳಗೆ ಸಿರುಗುಪ್ಪದ ಟೇಲರ್. ಅವನ ಕೈ ಮಿಂಚಿನಂಥದ್ದು, ಆದರೆ ನಾಟಿ ಬಂತೆಂದರೆ ಮಷಿನ್ನಿಗೆ ಬಟ್ಟೆ ಹೊದಿಸಿ ದೇಶನೂರಿನ ಗದ್ದೆಗೆ ಇಳಿಯುತ್ತಿದ್ದ. ಆ ತಡವನ್ನು ನಾನು ಇದ್ದದ್ದು ಇದ್ದಂತೆ ಬರೆದಿದ್ದೆ. ಸತ್ಯಕ್ಕೆ ಸಾವಿಲ್ಲ, ಸುಳ್ಳಿಗೆ ಸುಖವಿಲ್ಲ ಎಂಬ ಗಾದೆಯನ್ನು ಏಜೆಂಟರಿಗೆ ಯಾರೂ ಕಲಿಸಿರಲಿಲ್ಲ.

ಏಕೆಂದರೆ ಅಕ್ಕನ ಬಗ್ಗೆ ನಾನು ಬರೆದದ್ದೆಲ್ಲ ಸುಳ್ಳು. ನನಗೆ ಹೊಲಿಗೆ ಮಷಿನ್ನಿನ ಪೆಡಲ್ ತುಳಿಯಲು ಕಲಿಸಿದವಳು ಅವಳು. ಆರು ವರ್ಷದಿಂದ ಅವಳ ಕಣ್ಣು ಮಂಜಾಗುತ್ತ ಬಂದಿತ್ತು. ಎಲ್ಲರಿಗೂ ಮಂಗಳವಾರ ಕೊಡಿ ಎಂದರೆ ಅವಳಿಗೆ ಮಾತ್ರ ಶುಕ್ರವಾರ ಎನ್ನುತ್ತಿದ್ದೆ, ಮಂಗಳವಾರವೇ ಬಂತೆಂದು ಬರೆಯುತ್ತಿದ್ದೆ. ಸೊಟ್ಟ ಬಂದ ಹೊಲಿಗೆಯನ್ನು ಬಿಚ್ಚಿ ನಾನೇ ಹೊಲಿಯುತ್ತಿದ್ದೆ. ಇದೊಂದೂ ಅವಳಿಗೆ ಗೊತ್ತಿರಲಿಲ್ಲ. ಭಾರಿ ಪುಣ್ಯವಂತ ಎಂದು ನನ್ನ ಬೆನ್ನು ನಾನೇ ತಟ್ಟಿಕೊಳ್ಳುತ್ತಿದ್ದೆ.

ಅದೇ ವಾರ ದೊಡ್ಡ ಆರ್ಡರ್ ಬಂತು. ಇನ್ನೂರು ಪ್ಯಾಂಟಿನ ಜೇಬುಗಳಿಗೆ ಹಳದಿ ದಾರದ ಜೋಡಿ ಹೊಲಿಗೆ, ನಾಲ್ಕೇ ದಿನ. ಹಂಚುವವನು ಅಷ್ಟನ್ನೂ ಅಕ್ಕನಿಗೆ ಹಂಚಿದ. ನಾನು ಊಟ ಮಾಡಿ ಬರುವಷ್ಟರಲ್ಲಿ ಕಟ್ಟುಗಳು ಆಟೊದಲ್ಲಿ ಕುರುಗೋಡು ಸೇರಿದ್ದವು. ಮಾಲೀಕರಿಗೆ ನಿಜ ಹೇಳಿದರೆ ಅವಳಿಗೆ ಇನ್ನೆಂದೂ ಕೆಲಸ ಸಿಗುವುದಿಲ್ಲ. ಹೇಳದಿದ್ದರೆ ಆ ಜೇಬುಗಳೇ ಹೇಳುತ್ತವೆ. ಮರುದಿನ ಸದ್ದಿಲ್ಲದೆ ಕಟ್ಟುಗಳನ್ನು ವಾಪಸು ತರಲು ನಾನೇ ಹೊರಟೆ.

ಅಕ್ಕ ಬೆಳಕಿಗೆಂದು ಮಷಿನ್ನನ್ನು ಬಾಗಿಲಿಗೆ ತಂದು ಕೂತಿದ್ದಳು.

"ಬಾ ತಮ್ಮಾ. ನಿಮ್ಮ ಮಷಿನ್ನು ಫೋನ್ ಮಾಡಿತ್ತು. ಎಲ್ಲಾರಿಗಿಂತ ನಿಮ್ಮ ಕೈ ಚಲೋ ಅಂತು. ಅದಕ್ಕ ನನ್ನ ಮಾರಿ ಗೊತ್ತಿಲ್ಲ, ವಯಸ್ಸು ಗೊತ್ತಿಲ್ಲ. ಬರೀ ಕೆಲಸ ನೋಡಿ ಕೊಟ್ಟೈತಿ."

ಮುಗಿಸಿದ ಮೂವತ್ತು ಜೇಬುಗಳನ್ನು ನನ್ನ ಮುಂದಿಟ್ಟಳು. ಒಂದು ಗೆರೆಯೂ ನೆಟ್ಟಗಿರಲಿಲ್ಲ.

"ಅಕ್ಕಾ, ಉಳಿದದ್ದು ನಾ ಒಯ್ತೀನಿ. ಸಿರುಗುಪ್ಪದಾವ ಖಾಲಿ ಅದಾನ."

"ಯಾಕ? ನನ್ನ ಹೊಲಿಗಿ ಯಾವತ್ತರ ವಾಪಸ್ ಬಂದೈತೇನು?"

ಬಾಯಿ ಮುಚ್ಚಿಕೊಂಡಿರಬೇಕಿತ್ತು. ಆರು ವರ್ಷ ಮುಚ್ಚಿಕೊಂಡಿದ್ದವನಿಗೆ ಅವತ್ತೇ ಸತ್ಯ ಹೇಳುವ ಚಟ ಹತ್ತಿತು.

"ಬಂದಿಲ್ಲಕ್ಕಾ. ಬಿಚ್ಚಿ ನಾನ ಹೊಲೀತಿದ್ದೆ."

ಅವಳು ಒಂದು ಜೇಬನ್ನು ಎತ್ತಿಕೊಂಡು ಹೊಲಿಗೆಯ ಮೇಲೆ ಹೆಬ್ಬೆರಳು ಎಳೆದಳು. ಆಮೇಲೆ ಇನ್ನೊಂದನ್ನು.

"ಎಷ್ಟು ವರ್ಷ?"

"ಆರು."

ಕಟ್ಟುಗಳನ್ನೆಲ್ಲ ಬಿಗಿದು ಕಟ್ಟೆಯ ಮೇಲಿಟ್ಟಳು. ಏಜೆಂಟರು ಇನ್ನೂ ರಿಜಿಸ್ಟರು ಓದುತ್ತಿದ್ದ ಹಿಂದಿನ ವಾರ ಅವಳಿಗೆಂದೇ ನಾನು ಕೊಟ್ಟಿದ್ದ ಸಣ್ಣ ಕಟ್ಟೂ ಅದರಲ್ಲಿತ್ತು.

"ಒಯ್ರಿ ಮೇಸ್ತ್ರಿ," ಎಂದಳು. ನನ್ನನ್ನು ಎಂದೂ ಹಾಗೆ ಕರೆದವಳಲ್ಲ. "ಸೊಟ್ಟ ಬರಾಕತ್ತೈತಿ ಅಂತ ಅವತ್ತ ಒಂದು ಮಾತು ಹೇಳಿದ್ರ, ಕಣ್ಣು ತೋರಿಸ್ಕೊಂಡು ಚಸ್ಮಾ ಹಾಕ್ಕೊಂತಿದ್ನಲ್ರಿ."

ಆಟೊದಲ್ಲಿ ಕಟ್ಟುಗಳ ನಡುವೆ ಕೂತು ಬಳ್ಳಾರಿಗೆ ಬಂದೆ.

ಜೇಬುಗಳನ್ನು ಸಿರುಗುಪ್ಪದವನು ಮೂರೇ ದಿನದಲ್ಲಿ ಮುಗಿಸಿ ಕೊಟ್ಟ. ಅಕ್ಕ ನನ್ನ ಫೋನ್ ಎತ್ತಲಿಲ್ಲ. ಅಷ್ಟರಲ್ಲಿ ಮಾಡಬೇಕಾದದ್ದನ್ನೆಲ್ಲ ಹಲಗೆಯ ಚೀಟಿಗಳಲ್ಲಿ ಬರೆಯುವುದು ನನಗೂ ರೂಢಿಯಾಗಿತ್ತು. ಒಂದು ಬೆಳಿಗ್ಗೆ ಯೋಚಿಸದೆ ಒಂದು ಚೀಟಿ ಬರೆದೆ: "ಕುರುಗೋಡಿಗೆ ಹೋಗಿ ಅಕ್ಕನ ಕ್ಷಮೆ ಕೇಳಬೇಕು." ಕೈ ತೆಗೆಯುವುದರೊಳಗೆ ಒಬ್ಬ ಏಜೆಂಟ್ ಅದನ್ನು ಎತ್ತಿಕೊಂಡ. ಇನ್ನೊಬ್ಬ ನನ್ನ ಪರವಾಗಿ ಅವಳ ಫೋನಿಗೆ ಸಂದೇಶ ಕಳಿಸಿದ. ಮೂರನೆಯವನು ಓದಿ ನೋಡಿ, ಭಾಷೆ ವಿನಯಪೂರ್ವಕವಾಗಿದೆ ಎಂದು ಒಪ್ಪಿದ. ಚೀಟಿಯ ಮೇಲೆ 'ಮುಗಿದಿದೆ' ಎಂದು ಬಂತು.

ನಾನಿನ್ನೂ ಕುರುಗೋಡಿಗೆ ಹೋಗಿಲ್ಲ.