ಒತ್ತಲಾ, ರಮ್ಯಶ್ರೀ?

ಕೆರೆಬಿಳಚಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ರಮ್ಯಶ್ರೀಯ ಹೊಲಿಗೆ ಅಂಗಡಿ ಇದೆ. ರವಿಕೆಯ ಅಳತೆ ಕೊಡಲು ಬರುವವರಿಗಿಂತ ಮೊಬೈಲ್ ತೋರಿಸಲು ಬರುವವರೇ ಅಲ್ಲಿ ಹೆಚ್ಚು. ಯಾರಿಗೆ ಯಾವ ಲಿಂಕ್ ಬಂದರೂ ಒತ್ತುವ ಮುಂಚೆ ಅವಳಿಗೆ ತೋರಿಸಬೇಕು, ಅದು ಓಣಿಯ ಹೆಂಗಸರು ತಾವೇ ಮಾಡಿಕೊಂಡ ಕಾನೂನು. ಅವಳು "ಒತ್ತು" ಅಂದರೆ ಒತ್ತುವುದು, "ಅಳಿಸು" ಅಂದರೆ ಅಳಿಸುವುದು. ಈ ಕೆಲಸದಲ್ಲಿ ಅವಳಿಗೆ ಒಂದಿಷ್ಟು ಜಂಬವೂ ಇತ್ತು. ಇರಲಿ ಬಿಡಿ, ಓಣಿಗೆ ಓಣಿಯೇ ನಂಬಿದರೆ ಯಾರಿಗೆ ಇರುವುದಿಲ್ಲ?

ಅವಳು ಕಲಿಸಿದ ಪಾಠ ಸರಳವಾಗಿತ್ತು. "ಮನೆಗೆ ಹೊಸಬರು ಬಂದ್ರೆ ಯಾರ ಪೈಕಿ ಅಂತ ಕೇಳ್ತೀರಲ್ಲ, ಇದೂ ಹಂಗೇ. ವಿಳಾಸದಾಗೆ ಮೊದ್ಲು ಯಾರ ಹೆಸರು ಐತೆ ನೋಡ್ರಿ. ನಮ್ಮ ಸಂಘದ ಹೆಸರಿದ್ರೆ ನಮ್ಮೋರು. ಇಲ್ಲಾಂದ್ರೆ ಹೊರಗೇ ನಿಲ್ಸ್ರಿ."

ಸಂಘ ಎಂದರೆ ಹೊಸಸಿರಿ ಬೆಳೆಗಾರರ ಸಂಘ. ಅದರ ವೆಬ್‌ಸೈಟ್ ನೋಡಿಕೊಳ್ಳುವವನು ಚನ್ನಗಿರಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ರಘುನಾಥ. ರಮ್ಯಶ್ರೀಗೆ ಅವನು ಹೊರಗಿನವನಲ್ಲ. ಅವಳ ಅಣ್ಣ ತೀರಿಕೊಂಡಾಗ ಹೆಗಲು ಕೊಟ್ಟವರಲ್ಲಿ ಅವನೂ ಒಬ್ಬ. ಅವತ್ತಿನಿಂದ ಅವಳ ಬಾಯಲ್ಲಿ ಅವನು ರಘಣ್ಣ. ಲಿಂಕು, ಪಾಸ್‌ವರ್ಡು ಎಂಬ ವಿದ್ಯೆಯನ್ನೆಲ್ಲ ಅವಳಿಗೆ ಹೇಳಿಕೊಟ್ಟವನೂ ಅವನೇ.

ಈ ಸಲದ ಮುಂಗಾರಿಗೆ ಮುಂಚೆ ಅವಳ ಮೊಬೈಲಿಗೇ ಒಂದು ಲಿಂಕ್ ಬಂತು. ಮುಂದುಗಡೆ ಸಂಘದ ಹೆಸರು ಅಚ್ಚುಕಟ್ಟಾಗಿತ್ತು. ಅದರ ಹಿಂದೆ ಎರಡು ಓರೆಗೀಟು, ಆಮೇಲೆ ಏನೇನೋ ಅಕ್ಷರ. ಒತ್ತಿದರೆ ತೆರೆದದ್ದು ಯಾವುದೋ ಜೂಜಾಟದ ಪುಟ! ಗಾಬರಿಯಾಗಿ ಅವತ್ತೇ ಚನ್ನಗಿರಿ ಬಸ್ಸು ಹತ್ತಿದಳು.

ರಘುನಾಥ ನೋಡಿ ನಕ್ಕ. "ಇದು ಸರ್ವರ್ ಸಾಫ್ಟ್‌ವೇರಿನ ತೂತು ಕಣಮ್ಮ. ವಿಳಾಸಕ್ಕೆ ಹಿಂಗೆ ಗೀಟು ಸೇರಿಸಿದ್ರೆ ನಮ್ಮ ಸರ್ವರ್ರೇ ಬಂದೋರನ್ನ ಕೈ ಹಿಡಿದು ಬೇರೆಯೋರ ಪುಟಕ್ಕೆ ಬಿಟ್ಟು ಬರ್ತೈತೆ."

"ಅಂದ್ರೆ ಬಾಗಿಲು ನಮ್ದು, ಹೋಗಿ ಕೂರೋದು ಕಳ್ಳನ ಮನೇಲಿ?"

"ಹೂಂ. ಸಾಫ್ಟ್‌ವೇರಿನ ಹೊಸ ಆವೃತ್ತಿ ಬಂದೈತೆ. ಅದನ್ನ ಹಾಕಿದ್ರೆ ಮುಗೀತು."

"ಹಾಕ್ತೀಯಲ್ಲ ಮತ್ತೆ? ಸಂಘದ ಹೆಸರು ನೋಡಿ ಒತ್ರಿ ಅಂತ ಊರಿಗೆಲ್ಲ ಹೇಳೀನಿ ನಾನು."

"ನನ್ನ ಮೇಲೆ ನಂಬಿಕೆ ಇಲ್ವಾ?"

ಆ ವಾರವೇ ಫೋನ್ ಮಾಡಿ, "ಸರಿ ಮಾಡೀನಿ, ನಿಶ್ಚಿಂತೆಯಾಗಿರು" ಎಂದ. ಜೂಜಾಟದ ಆ ಲಿಂಕ್ ಇನ್ನೂ ಅವಳ ಮೊಬೈಲಿನಲ್ಲೇ ಇತ್ತು. ಇನ್ನೊಮ್ಮೆ ಒತ್ತಿದ್ದರೆ ಅವನ ಮಾತು ನಿಜವೋ ಸುಳ್ಳೋ ಗೊತ್ತಾಗುತ್ತಿತ್ತು. ಒತ್ತಲಿಲ್ಲ. ಅಣ್ಣನಿಗೆ ಹೆಗಲು ಕೊಟ್ಟವನನ್ನು ಪರೀಕ್ಷೆ ಮಾಡುವುದೇ? ಮಾತು ಕೊಟ್ಟವನ ಹಿಂದೆ ಹೋಗಿ ತಡಕಿ ನೋಡುವುದೆಂದರೆ ನಮ್ಮ ಕಡೆ ಅವನ ಮುಖಕ್ಕೆ ಉಗಿದ ಹಾಗೆ. ಎಂಥಾ ದೊಡ್ಡ ಮರ್ಯಾದೆ ನಮ್ಮದು!

ಅಂಗಡಿಯ ಎದುರು ಮನೆಯವಳು ಭೀಮಕ್ಕ. ಅವಳ ತಂಗಿ ಹುಲಿಗೆಮ್ಮ ಸೋಬಾನೆ ಪದ ಹೇಳುವುದರಲ್ಲಿ ಎತ್ತಿದ ಕೈ. ಹೋದ ವರ್ಷ ತೀರಿಕೊಂಡಳು. ಪಡಸಾಲೆಯಲ್ಲಿ ಕೂತು ಅವಳು ಹಾಡಿದ್ದನ್ನೆಲ್ಲ ಭೀಮಕ್ಕ ಮೊಬೈಲಿನಲ್ಲಿ ಹಿಡಿದಿಟ್ಟಿದ್ದಳು. ಆ ಮೊಬೈಲ್ ನೀರಿನ ತೊಟ್ಟಿಗೆ ಬಿದ್ದು ಹಾಳಾದಾಗ, ಹಾಡುಗಳೆಲ್ಲ ಇಮೇಲ್ ಖಾತೆಯಲ್ಲಿ ಉಳಿದಿವೆ ಎಂದು ಹುಡುಕಿ ಕೊಟ್ಟವಳು ರಮ್ಯಶ್ರೀ. ಹೊಸ ಮೊಬೈಲಿನಿಂದ ತಂಗಿಯ ದನಿ ಹೊರಟಾಗ ಭೀಮಕ್ಕ ಅವಳ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಿದ್ದಳು.

ಮಳೆ ಹಿಡಿದ ಮೇಲೆ ಒಂದು ಮಧ್ಯಾಹ್ನ ಭೀಮಕ್ಕ ಅಂಗಡಿಗೆ ಬಂದು ಮೊಬೈಲ್ ಚಾಚಿದಳು. "ಸಂಘದ ಹೊಸ ಗುರುತಿನ ಚೀಟಿ ಅಂತೆ. ಒತ್ತಲಾ, ರಮ್ಯಶ್ರೀ?"

ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದ ರಮ್ಯಶ್ರೀ ನೋಡಿದಳು. ಮುಂದುಗಡೆ ಸಂಘದ ಹೆಸರಿತ್ತು. ಹಿಂದೆ ಎರಡು ಓರೆಗೀಟೂ ಕಂಡವು, ಎದೆ ಒಂದಿಷ್ಟು ಅಳುಕಿತು. ಆದರೆ ರಘಣ್ಣ ಸರಿ ಮಾಡಿದ ಮೇಲೆ ಇದು ಇನ್ನೆಲ್ಲಿಗೆ ಹೋದೀತು? ಸೂಜಿ ತೆಗೆದು "ಒತ್ತು" ಎಂದಳು.

ತೆರೆದ ಪುಟ ಸಂಘದ ಪುಟದಂತೆಯೇ ಇತ್ತು; ಅದೇ ಹಸಿರು, ಅದೇ ತೆನೆಯ ಚಿತ್ರ. ಇಮೇಲ್, ಪಾಸ್‌ವರ್ಡ್ ಕೇಳಿತು. ಭೀಮಕ್ಕ ಎರಡನ್ನೂ ತುಂಬಿ ಮನೆಗೆ ಹೋದಳು. ಸಂಜೆಯ ಹೊತ್ತಿಗೆ ಖಾತೆ ಕಳ್ಳರ ಕೈಗೆ ಹೋಗಿತ್ತು. ರಮ್ಯಶ್ರೀ ಪೊಲೀಸರಿಗೆ ದೂರು ಕೊಟ್ಟಳು, ಗೊತ್ತಿದ್ದ ದಾರಿಯನ್ನೆಲ್ಲ ಹಿಡಿದಳು. ಕೊನೆಗೆ ಖಾತೆಯೇನೋ ವಾಪಸ್ ಬಂತು, ಒಳಗೆ ಒಂದು ಹಾಡೂ ಉಳಿದಿರಲಿಲ್ಲ.

ಆಗ ತನ್ನ ಮೊಬೈಲಿನ ಹಳೇ ಲಿಂಕ್ ಒತ್ತಿದಳು. ಜೂಜಾಟದ ಪುಟ ಮೊದಲಿನ ಹಾಗೇ ಠೀವಿಯಿಂದ ತೆರೆದುಕೊಂಡಿತು. ರಘಣ್ಣ ಏನನ್ನೂ ಸರಿ ಮಾಡಿರಲಿಲ್ಲ.

ಹೊನ್ನಾಳಿ, ನ್ಯಾಮತಿ ಕಡೆಯ ಸದಸ್ಯರಿಗೂ ಅದೇ ಗುರುತಿನ ಚೀಟಿಯ ಲಿಂಕ್ ಹೋಗಿದ್ದರಿಂದ ಸಂಘದ ಅಧ್ಯಕ್ಷ ಮಲ್ಲಿಕಾರ್ಜುನಪ್ಪ ರಘುನಾಥ, ರಮ್ಯಶ್ರೀ ಇಬ್ಬರನ್ನೂ ಕಚೇರಿಗೆ ಕರೆಸಿದರು. ರಘುನಾಥ ಮೊದಲೇ ಬಾಯಿ ತೆಗೆದ. "ನಂದೇನು ತಪ್ಪು ಸಾರ್? ಕೆರೆಬಿಳಚೀಲಿ ಇವಳೇ ಒತ್ತು ಅಂದಾಳೆ. ಗೊತ್ತಿಲ್ಲದೋರು ಬುದ್ಧಿ ಹೇಳಾಕೆ ಹೋದ್ರೆ ಹಿಂಗೇ ಆಗೋದು."

"ಸರಿ ಮಾಡೀನಿ ಅಂದಿದ್ದಲ್ಲ ರಘಣ್ಣ?"

"ನಾನ್ಯಾವಾಗ ಅಂದೆ?" ಎಂದ, ಕಿಟಕಿಯ ಕಡೆ ನೋಡುತ್ತ.

ಹೊರಗೆ ಮೆಟ್ಟಿಲ ಮೇಲೆ ಮಾತ್ರ ದನಿ ತಗ್ಗಿಸಿದ. "ಹೊಸದು ಹಾಕಿದ್ರೆ ಹಳೇ ಪುಟಗಳೆಲ್ಲ ಕೆಟ್ಟೋಗ್ತಿದ್ವು, ಅದೊಂದು ದೊಡ್ಡ ರಗಳೆ. ಹಿಂಗಾಗ್ತೈತೆ ಅಂತ ಯಾರಿಗೆ ಗೊತ್ತಿತ್ತು?"

"ನಿನಗೆ ಗೊತ್ತಿತ್ತು" ಎಂದಳು ರಮ್ಯಶ್ರೀ. "ನನಗೆ ಹೇಳಿದ್ದೇ ನೀನು." ಅವಳು ಅವನನ್ನು ಮತ್ತೆ ರಘಣ್ಣ ಎನ್ನಲಿಲ್ಲ.

ಊರಿಗೆ ಬಂದವಳೇ ನೆಟ್ಟಗೆ ಭೀಮಕ್ಕನ ಮನೆಗೆ ಹೋದಳು. ಭೀಮಕ್ಕ ಅಕ್ಕಿ ಆರಿಸುತ್ತ ಯಾವುದೋ ಪದ ಗುನುಗುತ್ತಿದ್ದವಳು ನಡುವೆ ಸಾಲು ಮರೆತು ಅಲ್ಲಿಗೇ ನಿಲ್ಲಿಸಿದ್ದಳು. ರಮ್ಯಶ್ರೀ ಎಲ್ಲವನ್ನೂ ಹೇಳಿದಳು: ತೂತು, ಅವನು ಕೊಟ್ಟ ಮಾತು, ಕಚೇರಿಯಲ್ಲಿ ಅವನು ಆಡಿದ ಸುಳ್ಳು. ಹೇಳುತ್ತ ಹೇಳುತ್ತ ಅತ್ತೇಬಿಟ್ಟಳು. "ನಂಬಿಸಿ ಕತ್ತು ಕುಯ್ದ ಭೀಮಕ್ಕ, ರಘುನಾಥ."

ಭೀಮಕ್ಕ ಮೊರದಿಂದ ಒಂದು ಕಲ್ಲು ಆರಿಸಿ ಪಕ್ಕಕ್ಕಿಟ್ಟಳು.

"ಆ ರಘುನಾಥನ್ನ ನಾನು ಕಣ್ಣಲ್ಲೂ ನೋಡಿಲ್ಲ ತಾಯಿ" ಎಂದಳು. "ನಾನು ಕೇಳಿದ್ದು ನಿನ್ನ."