ಅಕ್ಕ ರಾಗ ಎಳೆಯುವ ಜಾಗ

ನಾನೂ ನನ್ನ ವಾರಗಿತ್ತಿಯೂ ಮದುವೆ ಮನೆಗಳಲ್ಲಿ ಸೋಬಾನೆ ಹಾಡುತ್ತೇವೆ. ನನಗಿಂತ ದೊಡ್ಡವಳಾದ್ದರಿಂದ ಅವಳನ್ನು ಅಕ್ಕ ಎಂದೇ ಕರೆಯುವುದು. ಮಿರ್ಲೆಯ ನಮ್ಮ ಮನೆಯಲ್ಲಿ ಭತ್ತದ ಮೂಟೆ ಇಡುತ್ತಿದ್ದ ಕೋಣೆ ಖಾಲಿ ಮಾಡಿಸಿ, ಗೋಡೆಗೆ ಹಳೇ ಕೌದಿ ಹೊಡೆಸಿ, ಇಬ್ಬರಿಗೂ ಒಂದೊಂದು ಮೈಕ್ ಇಟ್ಟು ರೆಕಾರ್ಡಿಂಗ್ ಶುರುಮಾಡಿದವಳು ನಾನು. ಹಾಡಿದ್ದನ್ನು ಕಂಪ್ಯೂಟರಿನಲ್ಲಿ ಹದ ಮಾಡಿ ನಮ್ಮ ಚಾನೆಲ್‌ಗೆ ಹಾಕುವವಳೂ ನಾನೇ. ಅಕ್ಕನಿಗೆ ಅದೆಲ್ಲ ಗೊತ್ತಿಲ್ಲ. ಹಾಡು ಅಂದರೆ ಹಾಡುತ್ತಾಳೆ, ಮುಗಿದ ಮೇಲೆ ಒಲೆ ಮುಂದೆ ಹೋಗುತ್ತಾಳೆ.

ಸಾಲಿನ ಕೊನೆಯಲ್ಲಿ ಅವಳು ರಾಗ ಎಳೆಯುತ್ತಾಳೆ ಎಂಬುದೊಂದು ನನಗೆ ಕಿರಿಕಿರಿಯಾಗಿತ್ತು. ಹೊಸ ಅಗ್ರಹಾರದ ಒಂದು ಮದುವೆಯಲ್ಲಿ ಹೆಣ್ಣಿನ ಕಡೆಯವರ ಮುಂದೆಯೇ, "ಎಳೀಬ್ಯಾಡ ಅಕ್ಕ, ವಸಿ ಮೆಲ್ಲಗೆ ಹಾಡು" ಅಂದಿದ್ದೆ. ಅವಳು ಸೆರಗು ಸರಿಮಾಡಿಕೊಂಡು "ಹೂಂ" ಅಂದಿದ್ದಳು. ರೆಕಾರ್ಡಿಂಗಿನಲ್ಲೂ ಅವಳ ದನಿ ತಗ್ಗಿಸಿ ನನ್ನದನ್ನು ಮುಂದಕ್ಕೆ ತರುತ್ತಿದ್ದೆ.

ನಮ್ಮ ಯಜಮಾನರು ಶಾಮಿಯಾನ, ಮೈಕ್ ಸೆಟ್ ಬಾಡಿಗೆಗೆ ಕೊಡುವವರು. ಅವರ ಆಳೆತ್ತರದ ಸ್ಪೀಕರಿನಲ್ಲಿ ಏನು ಹಾಕಿದರೂ ಎದೆ ನಡುಗುತ್ತಿತ್ತೇ ಹೊರತು ಒಳಗಿನ ಸೂಕ್ಷ್ಮ ತಿಳಿಯುತ್ತಿರಲಿಲ್ಲ. ಹಾಡಿದ್ದನ್ನು ಇದ್ದ ಹಾಗೇ ಕೇಳಿಸುವ ಚಿಕ್ಕ ಸ್ಪೀಕರು, ಸ್ಟುಡಿಯೋ ಮಾನಿಟರ್, ಬೇಕೇ ಬೇಕು ಎಂದು ಹಟ ಹಿಡಿದೆ.

"ಇಷ್ಟು ಚಿಕ್ಕ ಡಬ್ಬದಲ್ಲಿ ಏನ್ ಬೇಸ್ ಬತ್ತದೆ ಬುಡಮ್ಮಿ" ಅಂದರು.

"ಬೇಸ್ ಯಾರಿಗೆ ಬೇಕು? ಅಕ್ಕ ಎಲ್ಲೆಲ್ಲಿ ಎಳೀತಾಳೆ ಅಂತ ಗೊತ್ತಾಗ್ಬೇಕು, ಅಷ್ಟೇ" ಅಂದೆ.

ಮೈಸೂರಿನ ಅಂಗಡಿಯಲ್ಲಿ ನಮ್ಮದೇ ಹಾಡನ್ನು ಪೆನ್‌ಡ್ರೈವ್‌ನಿಂದ ಹಾಕಿಸಿ ಕೇಳಿದೆ. ಮೊದಲನೆಯ ಜೋಡಿಯಲ್ಲಿ ಎಲ್ಲವೂ ಇಂಪಾಗಿತ್ತು, ಅದಕ್ಕೇ ಬೇಡವೆಂದೆ. ಇನ್ನೊಂದು ಜೋಡಿ ಒಣಒಣ, ತನ್ನದೇನೂ ಸೇರಿಸುತ್ತಿರಲಿಲ್ಲ. ಅದನ್ನೇ ತಂದೆವು. ಗೋಡೆಯಿಂದ ದೂರಕ್ಕೆ ಎರಡು ಸ್ಟೂಲು, ಅವುಗಳ ಮೇಲೆ ಕಿವಿಯ ಮಟ್ಟಕ್ಕೆ ಸ್ಪೀಕರು, ಎರಡಕ್ಕೂ ಸಮದೂರದಲ್ಲಿ ನನ್ನ ಕುರ್ಚಿ.

ಮಧ್ಯಾಹ್ನ ಊಟವಾದ ಮೇಲೆ ಅಕ್ಕನನ್ನು ಕರೆದೆ. ಯಜಮಾನರೂ ಪಕ್ಕದ ಮನೆಯ ಇಬ್ಬರು ಹೆಂಗಸರೂ ಬಂದು ಚಾಪೆಯ ಮೇಲೆ ಕೂತರು. "ಈಗ ಕೇಳಕ್ಕ, ನಿಂಗೇ ಗೊತ್ತಾಯ್ತದೆ" ಎಂದು ಅವರೆಲ್ಲರ ಮುಂದೆ ಹೇಳಿ, ಇಬ್ಬರ ದನಿಯನ್ನೂ ಸಮಕ್ಕೆ ಇಟ್ಟು ಹಾಡು ಹಾಕಿದೆ.

ಎರಡನೇ ಸಾಲಿಗೇ ಗೊತ್ತಾಯಿತು. ಸಾಲಿನ ಕೊನೆಗೆ ಬರುವಷ್ಟರಲ್ಲಿ ನನ್ನ ಉಸಿರು ಮುಗಿಯುತ್ತಿತ್ತು. ದನಿ ಕೆಳಕ್ಕೆ ಜಾರಿ ನಿಂತೇ ಹೋಗುತ್ತಿತ್ತು. ನಾನು ಉಸಿರು ತೆಗೆದುಕೊಂಡು ಮತ್ತೆ ಸೇರುವ ತನಕ ಅಕ್ಕ ಆ ಸ್ವರವನ್ನು ಬಿಡದೆ ಹಿಡಿದಿರುತ್ತಿದ್ದಳು. ಪ್ರತಿ ಸಾಲಿನಲ್ಲೂ ಹಾಗೇ.

ನಂಬಲಾಗಲಿಲ್ಲ. ಅವಳ ದನಿಯನ್ನು ಪೂರ್ತಿ ಆಫ್ ಮಾಡಿ ನನ್ನದೊಂದನ್ನೇ ಹಾಕಿದೆ. ಹಾಡು ಅಲ್ಲಲ್ಲಿ ಹರಿದುಹೋಯಿತು. ಹರಿದ ಕಡೆಯೆಲ್ಲ ನಾನು ಏದುಸಿರು ಬಿಡುವ ಸದ್ದು. ಹೆಂಗಸರಲ್ಲೊಬ್ಬಳು ಬಾಯಿಗೆ ಸೆರಗು ಇಟ್ಟುಕೊಂಡಳು. ಯಜಮಾನರು ಕಿಟಕಿ ಕಡೆ ನೋಡತೊಡಗಿದರು. ಹಾಡು ನಿಲ್ಲಿಸಬೇಕೆಂದರೆ ಮೌಸ್ ಕೈಗೆ ಸಿಗಲಿಲ್ಲ.

ಎಲ್ಲರೂ ಎದ್ದುಹೋದ ಮೇಲೆ ಕೇಳಿದೆ: "ಮೊದಲೇ ಯಾಕಕ್ಕ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಹಾಡೋದ್ನೇ ಬುಟ್ಬುಡ್ತಿದ್ದೆ ಕಣೇ. ಜೊತೇಲಿ ಹಾಡೋರು ಯಾರವ್ರೆ ನಂಗೆ?"

"ಅವತ್ತು ಮದುವೇಲಿ ಅಷ್ಟು ಜನರ ಮುಂದೆ ನಿನ್ನ ಅಂಗಂದೆ."

ಅವಳು ಚಾಪೆ ಸುತ್ತಿ ಗೋಡೆಗೆ ಒರಗಿಸಿದಳು. "ಬೇಜಾರಾಗಿತ್ತು" ಅಂದಳು. "ಇಲ್ಲ ಅಂತ ಯಾಕೆ ಸುಳ್ಳು ಹೇಳಾನ."

ಪರವಾಗಿಲ್ಲ ಅಂದಿದ್ದರೆ ನನಗೆ ಇಷ್ಟು ನಾಚಿಕೆ ಆಗುತ್ತಿರಲಿಲ್ಲವೇನೋ.

ಹಳೆಯ ಹಾಡುಗಳನ್ನು ಒಂದೊಂದಾಗಿ ತೆಗೆದು ಅವಳ ದನಿಯನ್ನು ಮೇಲಕ್ಕೆ ತರಲು ಹೊರಟೆ. ಕೆಲವು ಸರಿಹೋದವು. ಉಳಿದವುಗಳಲ್ಲಿ ಇಬ್ಬರ ದನಿಯೂ ಬೇರೆಬೇರೆಯಾಗಿದ್ದ ಬಿಡಿ ರೆಕಾರ್ಡಿಂಗನ್ನು ಕಂಪ್ಯೂಟರಿನಲ್ಲಿ ಜಾಗ ಸಾಲದೆಂದು ನಾನೇ ಅಳಿಸಿಬಿಟ್ಟಿದ್ದೆ. ಅವುಗಳಲ್ಲಿ ಅಕ್ಕ ಈಗಲೂ ಎಲ್ಲೋ ಹಿತ್ತಲಲ್ಲಿ ನಿಂತು ಹಾಡಿದ ಹಾಗೆ ಕೇಳಿಸುತ್ತಾಳೆ. ಚಾನೆಲ್‌ನಲ್ಲಿ ಕೇಳಿದವರು ನನ್ನನ್ನೇ ಹೊಗಳಿ ಬರೆಯುತ್ತಾರೆ.